ಗುಡುಗಿನ ರಾತ್ರಿ ಕಾಕಟೀಲ್ ಗಾಬರಿಯಾದರೆ

ಮುಂಗಾರಿನ ಗುಡುಗು ಶುರುವಾಯಿತೆಂದರೆ ಕಾಕಟೀಲ್ ಸಾಕಿದವರ ಮನೆಯಲ್ಲಿ ಪಂಜರದ ಬಳಿ ಒಂದು ಜೀರೋ ಬಲ್ಬ್ ಉರಿಯುತ್ತಿರಲಿ. ಈ ಗಿಳಿಗಳು ಕತ್ತಲಲ್ಲಿ ಬೆಚ್ಚಿಬಿದ್ದರೆ ಸರಳುಗಳಿಗೆ ಬಡಿದುಕೊಂಡು, ರೆಕ್ಕೆಯಲ್ಲಿ ಆಗಷ್ಟೇ ಬೆಳೆಯುತ್ತಿರುವ ಗರಿ ಮುರಿದು ರಕ್ತ ಸೋರಬಹುದು. ಮಂದ ಬೆಳಕಿದ್ದರೆ ಕೂರುವ ಕೋಲು ಕಾಣುತ್ತದೆ, ಬೇಗ ಸಮಾಧಾನಗೊಳ್ಳುತ್ತವೆ. ಪಂಜರವನ್ನು ಕಿಟಕಿಯಿಂದ ದೂರ ಸರಿಸಿ. ಗಾಬರಿಯಾದಾಗ ಒಳಗೆ ಕೈ ಹಾಕದೆ ಮೆಲುದನಿಯಲ್ಲಿ ಮಾತನಾಡಿಸಿ.

ಚಳಿಯ ಮುಂಜಾನೆ ಗರಿ ಉಬ್ಬಿಸಿ, ಒಂದು ಕಾಲು ಮಡಚಿ ಕೂರುವುದು ಸಹಜ. ಬಿಸಿಲೇರಿದ ಮೇಲೂ ಹಾಗೆಯೇ ಕುಳಿತು, ಪ್ರತಿ ಉಸಿರಿಗೂ ಬಾಲ ಮೇಲೆ ಕೆಳಗೆ ಆಡುತ್ತಿದ್ದರೆ ಮಾತ್ರ ಹವೆಯನ್ನು ದೂರುತ್ತಾ ಕೂರಬೇಡಿ, ಅಂದೇ ಪಶುವೈದ್ಯರಿಗೆ ತೋರಿಸಿ. ಹಕ್ಕಿಗಳು ಕಾಯಿಲೆಯನ್ನು ತೀರಾ ಉಲ್ಬಣಿಸುವವರೆಗೂ ಬಚ್ಚಿಡುತ್ತವೆ. ಬೇಸಿಗೆಯಲ್ಲಿ ಕೊಕ್ಕು ತೆರೆದು ರೆಕ್ಕೆ ಅಗಲಿಸಿದರೆ ಸೆಕೆ ತಾಳಲಾಗುತ್ತಿಲ್ಲ ಎಂದರ್ಥ; ನೆರಳಿಗೆ ತಂದು, ಮೀಯಲು ಅಗಲ ಬಟ್ಟಲಲ್ಲಿ ನೀರಿಡಿ.