ತಾಂಬೂಲಕ್ಕೆಂದು ಹೊಲಿದ ಲಾಡಿ ಚೀಲ: ನನ್ನ ಅನುಭವ

ಮನೆಯ ಶುಭಕಾರ್ಯಗಳಲ್ಲಿ ಬಂದವರಿಗೆ ತಾಂಬೂಲವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಡುವುದು ನನಗೆ ಎಂದೂ ಒಪ್ಪಿಗೆಯಾಗಿರಲಿಲ್ಲ. ಅರಿಸಿನ ಕುಂಕುಮಕ್ಕೆ ಹೋದಲ್ಲೆಲ್ಲ ಕೊಟ್ಟ ರವಿಕೆ ಕಣಗಳು ಬೀರುವಿನಲ್ಲಿ ಬಳಕೆಯಿಲ್ಲದೆ ಉಳಿದಿದ್ದವು. ಅವುಗಳಿಂದಲೇ ಲಾಡಿ ಎಳೆದು ಬಾಯಿ ಮುಚ್ಚುವ ಚೀಲಗಳನ್ನು ಹೊಲಿಯತೊಡಗಿದೆ. ಎರಡೂ ಕಡೆಯಿಂದ ದಾರ ಎಳೆದು ಮುಚ್ಚುವ ಎಲೆಯಡಿಕೆ ಸಂಚಿಯನ್ನು ಕಂಡವರಿಗೆ ಈ ಚೀಲದ ರಚನೆ ಹೊಸದೇನಲ್ಲ. ಆದರೆ ಹೊಲಿಯುತ್ತ ಹೋದಂತೆ ನನಗೆ ಖಚಿತವಾದದ್ದೇನೆಂದರೆ, ಇಂಥ ಚೀಲ ಹರಿಯುವುದು ತಳದಲ್ಲಿ ಅಲ್ಲ, ಲಾಡಿ ಹೊರಬರುವ ಸೀಳಿನಲ್ಲಿ. ಆದ್ದರಿಂದ ಶ್ರಮವೆಲ್ಲ ಅಲ್ಲಿಗೆ ಸಲ್ಲಬೇಕು.

ಒಂದು ತೆಂಗಿನಕಾಯಿ, ಎಲೆ, ಅಡಿಕೆ, ಎರಡು ಬಾಳೆಹಣ್ಣು ಹಿಡಿಸಬೇಕೆಂಬುದೇ ನನ್ನ ಅಳತೆಗೆ ಆಧಾರ. ಸಿದ್ಧವಾದ ಚೀಲ 9 ಇಂಚು ಅಗಲ, ಸುಮಾರು 10 ಇಂಚು ಎತ್ತರವಿದ್ದರೆ ಕಾಯಿ ಸಲೀಸಾಗಿ ಒಳಗಿಳಿಯುತ್ತದೆ. ಇದಕ್ಕಾಗಿ 10 ಇಂಚು ಅಗಲ, 24 ಇಂಚು ಉದ್ದದ ಒಂದೇ ತುಂಡನ್ನು ಕತ್ತರಿಸಿಕೊಂಡು, ನಡುವೆ ಮಡಚಿ, ಆ ಮಡಿಕೆಯನ್ನೇ ತಳವಾಗಿಸುತ್ತೇನೆ. ಪನ್ನ, ಅಂದರೆ ಬಟ್ಟೆಯ ಅಗಲ, 36 ಇಂಚಿದ್ದರೆ 80 ಸೆಂ.ಮೀ. ಉದ್ದದ ಕಣದಲ್ಲಿ ಮೂರು ಚೀಲಗಳಾಗುತ್ತವೆ. ಬಟ್ಟೆಯ ಹಾಸು ಎಳೆ (ಉದ್ದಕ್ಕೆ ಓಡುವ ಎಳೆ) ಚೀಲದ ಎತ್ತರದ ದಿಕ್ಕಿಗೇ ಬರುವಂತೆ ಕತ್ತರಿಸಬೇಕು, ಏಕೆಂದರೆ ಭಾರ ಬಿದ್ದಾಗ ಅಡ್ಡ ಎಳೆಯಾದ ಹೊಕ್ಕಿಗಿಂತ ಹಾಸು ಕಡಿಮೆ ಹಿಗ್ಗುತ್ತದೆ. ನವಿಲು, ಆನೆಯಂತಹ ನೆಟ್ಟಗೆ ನಿಲ್ಲುವ ಚಿತ್ತಾರವಿರುವ ಕಣವಾದರೆ ಮಾತ್ರ ಒಂದೇ ತುಂಡು ಬೇಡ. ಒಂದು ಬದಿಯಲ್ಲಿ ಚಿತ್ರ ತಲೆಕೆಳಗಾಗುತ್ತದೆ. ಅಂಥದ್ದಕ್ಕೆ ತಳದ ಹೊಲಿಗೆಗೆ ಅರ್ಧರ್ಧ ಇಂಚು ಸೇರಿಸಿ ಎರಡು ತುಂಡುಗಳನ್ನಾಗಿ ಕತ್ತರಿಸುವುದು ಸರಿ. ಯಾವುದೇ ಹತ್ತಿಯ ಕಣವಿರಲಿ, ಮೊದಲು ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿದ ನಂತರವೇ ಅಳತೆ ಹಾಕುತ್ತೇನೆ. ಬಣ್ಣ ಬಿಡುವ ಬಟ್ಟೆ ಯಾವುದೆಂಬುದೂ ಆಗಲೇ ತಿಳಿಯುತ್ತದೆ.

ಇನ್ನು ಸೀಳಿನ ಕೆಲಸ. ತುಂಡಿನ ಎರಡೂ ತುದಿಗಳಿಂದ 3 ಇಂಚು ಕೆಳಗೆ, ಎಡಬಲ ಅಂಚುಗಳಲ್ಲಿ, ಒಟ್ಟು ನಾಲ್ಕು ಕಡೆ ಸೀಮೆಸುಣ್ಣದಿಂದ ಗುರುತು ಹಾಕಿಕೊಳ್ಳುತ್ತೇನೆ. ಪ್ರತಿ ಗುರುತಿನಲ್ಲಿ ಅಂಚಿನಿಂದ ಒಳಕ್ಕೆ ಅರ್ಧ ಇಂಚಿಗಿಂತ ಕೂದಲೆಳೆಯಷ್ಟು ಕಡಿಮೆ ಕತ್ತರಿ ಹಾಕಿ, ಅಲ್ಲಿಂದ ಮೇಲಿನ 3 ಇಂಚಿನ ಅಂಚನ್ನು ಕಾಲು ಇಂಚಿನಂತೆ ಎರಡು ಬಾರಿ ಒಳಮೈ ಕಡೆಗೆ ಮಡಚಿ ಹೊಲಿಯುತ್ತೇನೆ. ಪಕ್ಕದ ಹೊಲಿಗೆಯನ್ನು ಮೊದಲು ಹಾಕಿ ಸೀಳನ್ನು ಆಮೇಲೆ ಮಡಚುವವರೂ ಇದ್ದಾರೆ. ಬಟ್ಟೆ ಬಿಡಿಯಾಗಿ ಚಪ್ಪಟೆಯಾಗಿರುವಾಗಲೇ ಈ ನಾಲ್ಕು ಅಂಚುಗಳನ್ನು ಮುಗಿಸಿಕೊಂಡರೆ ಮೂಲೆಗಳು ಸುಕ್ಕಾಗದೆ ನೇರವಾಗಿ ನಿಲ್ಲುತ್ತವೆ ಎಂಬುದು ನನ್ನ ಅಭಿಪ್ರಾಯ.

ಆಮೇಲೆ ಪಕ್ಕಗಳು. ರವಿಕೆ ಕಣದ ತೆಳುಬಟ್ಟೆಯ ಕತ್ತರಿಸಿದ ಅಂಚು ಬೇಗನೆ ಎಳೆ ಬಿಡುತ್ತದೆ, ಅಂಚನ್ನು ದಾರದಿಂದ ಸುತ್ತಿ ಹೊಲಿಯುವ ಓವರ್‌ಲಾಕ್ ಯಂತ್ರ ನನ್ನಲ್ಲಿಲ್ಲ. ಆದ್ದರಿಂದ ಅಂಚನ್ನು ಹೊಲಿಗೆಯೊಳಗೇ ಮುಚ್ಚಿಬಿಡುವ ಫ್ರೆಂಚ್ ಹೊಲಿಗೆಯನ್ನು ಬಳಸುತ್ತೇನೆ. ಒಳಮೈಗಳು ಒಂದಕ್ಕೊಂದು ತಾಗುವಂತೆ ಮಡಚಿ, ಸೀಳಿನ ಗುರುತಿನಿಂದ ತಳದವರೆಗೆ ಕಾಲು ಇಂಚಿನಲ್ಲಿ ಮೊದಲ ಹೊಲಿಗೆ ಹಾಕಿ, ಹೊರಗುಳಿದ ಅಂಚನ್ನು ಅರ್ಧದಷ್ಟು ಸವರಿ, ಚೀಲವನ್ನು ಒಳಮೈ ಹೊರಬರುವಂತೆ ಮಗುಚಿ, ಅದೇ ಗೆರೆಗುಂಟ ಮತ್ತೆ ಕಾಲು ಇಂಚಿನಲ್ಲಿ ಎರಡನೆಯ ಹೊಲಿಗೆ ಹಾಕಿದರೆ ಕತ್ತರಿಸಿದ ಅಂಚು ಎಲ್ಲಿಯೂ ಕಾಣಿಸುವುದಿಲ್ಲ. ಎರಡೂ ಹೊಲಿಗೆ ಸೇರಿ ಅರ್ಧ ಇಂಚಾಗುವುದರಿಂದ, ಈಗಾಗಲೇ ಅರ್ಧ ಇಂಚು ಮಡಚಿದ ಸೀಳಿನ ಅಂಚು ಪಕ್ಕದ ಹೊಲಿಗೆಯ ನೇರಕ್ಕೇ ಬಂದು ಕೂರುತ್ತದೆ. ಎರಡೂ ಸೇರುವ ಆ ಬಿಂದುವಿನಲ್ಲಿ ಯಂತ್ರವನ್ನು ಹಿಂದಕ್ಕೂ ಮುಂದಕ್ಕೂ ಮೂರು ನಾಲ್ಕು ಬಾರಿ ಓಡಿಸಿ ಭದ್ರ ಮಾಡಬೇಕು. ಲಾಡಿ ಎಳೆದಾಗಲೆಲ್ಲ ಜಗ್ಗುವುದು ಅದೇ ಜಾಗ, ಕತ್ತರಿಯ ಬಾಯಿ ತಾಗಿರುವುದೂ ಅಲ್ಲಿಯೇ.

ಬಾಯಿಯ ಮಡಿಕೆ ಸುಲಭ. ಎರಡೂ ಬದಿಯ ಮೇಲಂಚನ್ನು ಮೊದಲು ಅರ್ಧ ಇಂಚು, ಮತ್ತೆ ಒಂದೂಕಾಲು ಇಂಚು ಒಳಕ್ಕೆ ಮಡಚಿ, ಇಸ್ತ್ರಿ ಒತ್ತಿ, ಕೆಳಗಿನ ಅಂಚಿಗೆ ತೀರ ಹತ್ತಿರವಾಗಿ ಹೊಲಿದರೆ ಲಾಡಿ ಓಡಾಡುವ ಪಟ್ಟಿ ಸಿದ್ಧ. ಮಡಿಕೆ ಬಂದು ನಿಲ್ಲುವುದು ಸರಿಯಾಗಿ 3 ಇಂಚಿನ ಗುರುತಿಗೆ. ಪಟ್ಟಿಯನ್ನು ಇದಕ್ಕಿಂತ ಕಿರಿದು ಮಾಡಬಾರದು. ಎರಡು ಲಾಡಿಗಳು ಅದರೊಳಗೆ ಒಂದರ ಪಕ್ಕ ಒಂದು ಸರಿಯಬೇಕು.

ಲಾಡಿಯ ಆಯ್ಕೆಯಲ್ಲಿ ನಾನು ಹಟ ಹಿಡಿಯುತ್ತೇನೆ: ಹತ್ತಿಯದೇ ಆಗಬೇಕು. ನುಣುಪಾದ ಸ್ಯಾಟಿನ್ ನೋಡಲು ಚೆಂದ, ಆದರೆ ಅದರ ಗಂಟು ನಿಲ್ಲುವುದಿಲ್ಲ, ಚೀಲದ ಬಾಯಿಯೂ ತಾನಾಗಿ ಸಡಿಲುತ್ತದೆ. ಪ್ರತಿ ಚೀಲಕ್ಕೆ 28 ಇಂಚಿನ ಎರಡು ತುಂಡುಗಳು ಬೇಕು. ಒಂದರ ತುದಿಗೆ ಪಿನ್ನು ಚುಚ್ಚಿ ಎಡಸೀಳಿನಿಂದ ತೂರಿಸಿ, ಎರಡೂ ಪಟ್ಟಿಗಳಲ್ಲಿ ಪೂರ್ತಿ ಸುತ್ತಿಸಿ, ಮತ್ತೆ ಎಡಸೀಳಿನಿಂದಲೇ ಹೊರತೆಗೆಯುತ್ತೇನೆ. ಇನ್ನೊಂದನ್ನು ಹಾಗೆಯೇ ಬಲಸೀಳಿನಿಂದ. ಗಂಟು ಹಾಕುವ ಮೊದಲು ಬಾಯಿಯನ್ನು ಪೂರ್ತಿ ಅಗಲಿಸಿ ಹಿಡಿದು, ಎರಡೂ ಕಡೆ ತುದಿಗಳು ಸಮನಾಗಿ ಉಳಿದಿವೆಯೇ ಎಂದು ನೋಡಿ, ಪ್ರತಿ ಬದಿಯ ಎರಡು ತುದಿಗಳನ್ನು ಸೇರಿಸಿ ಒಂದೇ ಕಗ್ಗಂಟು ಬಿಗಿದು, ಬಿಚ್ಚಿಕೊಳ್ಳದಂತೆ ಆ ಗಂಟಿನ ಮೂಲಕ ಸೂಜಿಯಿಂದ ಎರಡು ಕೈಹೊಲಿಗೆ ಹಾಕುತ್ತೇನೆ.