ಗೈಡ್ ಇಲ್ಲದೆ ಕಾಶಿಯ ಗಲ್ಲಿ ಸುತ್ತಿದ್ದು

ಗೈಡ್ ಇಲ್ಲದೆ ಕಾಶಿಯ ಗಲ್ಲಿ ಹೊಕ್ಕರೆ ಕತ್ತಲಾದರೂ ರೂಮಿಗೆ ಬರಲ್ಲ ಅಂತ ಭಾವ 500 ರೂಪಾಯಿ ಪಂದ್ಯ ಕಟ್ಟಿದ್ದರು. ಈ ಫೆಬ್ರವರಿಯಲ್ಲಿ ಅಸ್ಸಿಯಿಂದ ಪಂಚಗಂಗಾ ಘಾಟಿನವರೆಗೆ (ಘಾಟ್ ಅಂದರೆ ಗಂಗೆಗೆ ಇಳಿಯುವ ಮೆಟ್ಟಿಲುಗಳ ದಡ) ನಡೆದು, ಗಲ್ಲಿಗಳನ್ನೂ ಸುತ್ತಿ, ಮಧ್ಯಾಹ್ನದ ಊಟಕ್ಕೆ ವಾಪಸ್ ಬಂದೆ.

ಅದಕ್ಕೆ ಮುಂಚೆ ಎರಡು ಸಲ ಸೋತಿದ್ದೆ. ಮೊದಲ ಸಲ ಹೋಗಿದ್ದು ಆಗಸ್ಟಿನಲ್ಲಿ. ಗಂಗೆ ಏರಿ ಮೆಟ್ಟಿಲುಗಳೆಲ್ಲ ಮುಳುಗಿದ್ದವು, ಒಂದು ಘಾಟಿನಿಂದ ಇನ್ನೊಂದಕ್ಕೆ ದಾರಿಯೇ ಇರಲಿಲ್ಲ, ದೋಣಿಯೂ ನಿಂತಿತ್ತು. ಎರಡನೇ ಸಲ ಮೊಬೈಲ್ ಮ್ಯಾಪ್ ನಂಬಿದೆ. ಎತ್ತರದ ಮನೆಗಳ ನಡುವೆ ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು ಸಂದಿ, ನೀಲಿ ಚುಕ್ಕಿ ಒಮ್ಮೆ ಯಾರದೋ ಅಡುಗೆಮನೆಯಲ್ಲಿ, ಒಮ್ಮೆ ನಡುಗಂಗೆಯಲ್ಲಿ. ಮಾರನೇ ದಿನ ಗೈಡ್ ಹಿಡಿದೆ. ಅವನು ಎರಡು ಗುಡಿ ತೋರಿಸಿ ಸೀರೆ ಅಂಗಡಿಯಲ್ಲಿ ಕೂರಿಸಿದ. ಎಲ್ಲ ಸೇರಿ 4,000ದ ಹತ್ತಿರ ಕೈಬಿಟ್ಟಿತು. ಆ ಸೀರೆಯ ಮಡಿಕೆ ಇನ್ನೂ ಬಿಚ್ಚಿಲ್ಲ.

ಈ ಸಲ ಊರನ್ನು ಏಣಿ ಅಂದುಕೊಂಡೆ. ಘಾಟುಗಳ ಸಾಲು ಒಂದು ಗಳ, ಒಳಗಿನ ಠಠೇರಿ ಬಜಾರ್, ಚೌಖಂಬಾ ಕಡೆಯ ಗಲ್ಲಿ ಇನ್ನೊಂದು. ನಡುವಿನ ಸಂದಿಗಳು ಮೆಟ್ಟಿಲು. ಒಂದು ಸಂದಿ ಹತ್ತು, ಒಳಗೆ ಸ್ವಲ್ಪ ನಡೆ, ಇನ್ನೊಂದರಲ್ಲಿ ಇಳಿ. ದಾರಿ ತಪ್ಪಿದರೆ ಇಳಿಜಾರು ಹಿಡಿದರೆ ಸಾಕು, ಊರೊಳಗಿನ ಚೌಕ್ ಪೇಟೆಯಿಂದ ಹೊಳೆ ಕಡೆಗೆ ನೆಲ ಇಳಿಯುತ್ತಲೇ ಹೋಗುತ್ತದೆ. ಕೆಳಗೆ ಗೋಡೆ ಮೇಲೆ ಘಾಟಿನ ಹೆಸರು ದಪ್ಪಕ್ಷರದಲ್ಲಿ ಇರುತ್ತದೆ. ಗಂಗೆ ಇಲ್ಲಿ ಉತ್ತರಕ್ಕೆ ಹರಿಯುತ್ತಾಳಲ್ವಾ, ಹೊಳೆಗೆ ಮುಖ ಮಾಡಿದರೆ ಎಡಕ್ಕೆ ಪಂಚಗಂಗಾ, ಬಲಕ್ಕೆ ಅಸ್ಸಿ.

ಏಣಿ ಮುರಿಯುವುದು ಲಲಿತಾ ಘಾಟಿನ ಹತ್ತಿರ. 2021ರಲ್ಲಿ ತೆರೆದ, ವಿಶ್ವನಾಥನ ಗುಡಿಯಿಂದ ಹೊಳೆವರೆಗಿನ ಕಾರಿಡಾರಿಗೆ ಹಳೆ ಮನೆ, ಗಲ್ಲಿಗಳನ್ನು ತೆಗೆದಿದ್ದಾರೆ, ಸುಮ್ನೆ ಅಡ್ಡ ದಾಟಿ ಹೋಗಲು ಆಗಲ್ಲ. ಮೊಬೈಲ್ ಲಾಕರಿನಲ್ಲಿಟ್ಟು ಸಾಲಿನಲ್ಲಿ ನಿಂತರೆ ಅರ್ಧ ದಿನ ಹೋಯಿತು ಅಂತಲೇ ಲೆಕ್ಕ, ಅದಕ್ಕೇ ದರ್ಶನ ಹಿಂದಿನ ದಿನವೇ ಮುಗಿಸಿದ್ದೆ. ಹೆಣ ಸುಡುವ ಮಣಿಕರ್ಣಿಕಾ ಘಾಟಿನ ಸೌದೆ ರಾಶಿಗಳನ್ನು ಸುತ್ತುಹಾಕಿ, ವಾಲಿರುವ ರತ್ನೇಶ್ವರ ಗುಡಿ ಹತ್ತಿರ ಇಳಿಯುವ ಸಂದಿ ಒಂದಿದೆ. ಅದನ್ನು ಹೇಳಲ್ಲ, ನನಗೆ ಅದಕ್ಕೆ ಎರಡು ಬೆಳಗ್ಗೆ ಖರ್ಚಾಗಿವೆ.

ನಡುವೆ ಹುಚ್ಚಾಟಗಳೂ ಆದವು. ಹಸುಗಳಿಗೆ ದಾರಿ ಗೊತ್ತಿರುತ್ತದೆ ಅಂತ ಒಂದರ ಹಿಂದೆ ಹೋದೆ. ಅದು ಇಪ್ಪತ್ತು ನಿಮಿಷ ತರಕಾರಿ ಸಿಪ್ಪೆ ತಿಂದು ಅಲ್ಲೇ ಮಲಗಿತು. ‘ರಾಮ್ ನಾಮ್ ಸತ್ಯ ಹೈ’ ಅನ್ನುತ್ತಾ ಹೆಣ ಹೊತ್ತು ಹೊರಟವರ ಹಿಂದೆ ಹೋದರೆ ಮಣಿಕರ್ಣಿಕಾ ಸಿಕ್ಕೇ ಸಿಗುತ್ತದೆ ಅನಿಸಿತು, ಹೋದೆ ಕೂಡ. ಹಿಂದಿದ್ದ ಹುಡುಗ ತಿರುಗಿ ನೋಡಿ, ನಾನೂ ನೆಂಟ ಅಂದುಕೊಂಡು, ಜಾಗ ಬಿಟ್ಟುಕೊಟ್ಟ. ನಾಚಿಕೆಯಾಗಿ ಅಲ್ಲೇ ನಿಂತೆ.

ಚೌಖಂಬಾ ಹತ್ತಿರ ಮಲೈಯೋ ತಿಂದೆ. ಚಳಿಗಾಲದಲ್ಲಿ ಮಾತ್ರ ಸಿಗುವ ಹಳದಿ ಹಾಲಿನ ನೊರೆ. ಮಣ್ಣಿನ ಲೋಟ ತುಂಬಾ ಇತ್ತು, ನಾಲಿಗೆ ಮೇಲಿಟ್ಟರೆ ಏನೂ ಇಲ್ಲ, ಕೇಸರಿ ವಾಸನೆ ಮಾತ್ರ. ಅದು, ಕಚೋರಿ, ಚಹಾ, ವಾಪಸ್ ಇ-ರಿಕ್ಷಾ ಎಲ್ಲ ಸೇರಿ 200 ದಾಟಿರಲಿಕ್ಕಿಲ್ಲ. ಹೆಜ್ಜೆ ಹದಿನೆಂಟು ಸಾವಿರದ ಆಸುಪಾಸು.

ಪಂಚಗಂಗಾದ ಕಡಿದಾದ ಮೆಟ್ಟಿಲು ಹತ್ತಿ, ಆಲಂಗೀರ್ ಮಸೀದಿ ಪಕ್ಕ ಮಂಡಿ ಹಿಡಿದುಕೊಂಡು ಕೂತು, ಭಾವನಿಗೆ ಲೊಕೇಶನ್ ಕಳಿಸಿದೆ. ಅವರ ಫೋನಿನಲ್ಲಿ ನಾನು ನಡುಗಂಗೆಯಲ್ಲಿ ಕಂಡೆನಂತೆ. ದೋಣಿಯಲ್ಲಿ ಹೋಗಿದ್ದೀಯ ಅಂತ ಪಂದ್ಯದ ದುಡ್ಡು ಇವತ್ತಿಗೂ ಕೊಟ್ಟಿಲ್ಲ.