ಆಂಗೆಲಾ ಮರ್ಕೆಲ್ ಅವರ ರಾಜಕೀಯ ಬದುಕನ್ನು ಓದಿಕೊಳ್ಳುವುದು ಹೇಗೆ

ಮರ್ಕೆಲ್ ಬಗ್ಗೆ ಓದಲು ಕೂತವರು ಸಾಮಾನ್ಯವಾಗಿ 2005ರಿಂದ ಶುರು ಮಾಡುತ್ತಾರೆ. ಆ ವರ್ಷ ನವೆಂಬರ್ 22ರಂದು ಅವರು ಜರ್ಮನಿಯ ಚಾನ್ಸಲರ್, ಅಂದರೆ ಸರ್ಕಾರದ ಮುಖ್ಯಸ್ಥೆ ಆದರು. ಆ ಹುದ್ದೆಗೆ ಬಂದ ಮೊದಲ ಮಹಿಳೆ. ಅಲ್ಲಿಂದ 16 ವರ್ಷ. ನಾನೂ ಮೊದಲ ಸಲ ಹಾಗೇ ಓದಿದೆ, ನೆನಪಲ್ಲಿ ಉಳಿದಿದ್ದು ಬರೀ ಸಭೆಗಳ ಫೋಟೋ. ಆಮೇಲೆ ಬೇರೆ ದಾರಿ ಹಿಡಿದೆ. ಅವರು ನಿಲುವು ಬದಲಿಸಿದ ಜಾಗಗಳನ್ನು ಹುಡುಕಿ, ಪ್ರತಿಯೊಂದರ ಹಿಂದುಮುಂದಿನ ತಿಂಗಳುಗಳನ್ನು ಓದುವುದು. ಈ ದಾರಿ ನಿಜವಾಗಿಯೂ ಕೆಲಸ ಮಾಡುತ್ತದೆ.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಎಡಗಡೆ ಪುಟದಲ್ಲಿ ಮೊದಲು ಏನು ಹೇಳಿದ್ದರು ಅಂತ ಬರೆಯಿರಿ, ಬಲಗಡೆ ಆಮೇಲೆ ಏನು ಮಾಡಿದರು ಅಂತ. ಎರಡು ಕಡೆಗೂ ದಿನಾಂಕ ಹಾಕಿ. ಅಷ್ಟೇ ಸಾಕು.

ಮೊದಲು ಅವರ ಬದುಕಿನ ಆರಂಭದ 35 ವರ್ಷ ಓದಿ, ಅವಸರ ಬೇಡ. ಹುಟ್ಟಿದ್ದು 1954ರ ಜುಲೈ 17ರಂದು, ಪಶ್ಚಿಮ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ. ತಂದೆ ಹೋರ್ಸ್ಟ್ ಕಾಸ್ನರ್ ಲೂಥರನ್ ಪಾದ್ರಿ. ಮಗು ಹುಟ್ಟಿ ಕೆಲವೇ ವಾರಕ್ಕೆ ಕುಟುಂಬ ಕಮ್ಯುನಿಸ್ಟ್ ಆಡಳಿತದ ಪೂರ್ವ ಜರ್ಮನಿಗೆ ಹೋಯಿತು. ಜನ ಆ ಕಡೆಯಿಂದ ಈ ಕಡೆಗೆ ಓಡಿಬರುತ್ತಿದ್ದ ಕಾಲ ಅದು, ಇವರು ಹೋಗಿದ್ದು ಉಲ್ಟಾ ದಿಕ್ಕಿಗೆ. ತಾಯಿ ಇಂಗ್ಲಿಷ್ ಮತ್ತು ಲ್ಯಾಟಿನ್ ಟೀಚರ್, ಆದರೆ ಪಾದ್ರಿಯ ಹೆಂಡತಿ ಅನ್ನೋ ಕಾರಣಕ್ಕೆ ಅಲ್ಲಿ ಅವರಿಗೆ ಶಾಲೆಯಲ್ಲಿ ಪಾಠ ಮಾಡಲು ಬಿಡಲಿಲ್ಲ. ಮಗಳು ಟೆಂಪ್ಲಿನ್‌ನಲ್ಲಿ ಬೆಳೆದು, ಲೈಪ್‌ಜಿಗ್‌ನಲ್ಲಿ ಭೌತಶಾಸ್ತ್ರ ಓದಿ, ಬರ್ಲಿನ್‌ನ ವಿಜ್ಞಾನ ಅಕಾಡೆಮಿಯಲ್ಲಿ ಸಂಶೋಧಕಿಯಾಗಿ, 1986ರಲ್ಲಿ ಡಾಕ್ಟರೇಟ್ ಪಡೆದರು. ಯಾರ ಮುಂದೆ ಎಷ್ಟು ಮಾತಾಡಬೇಕು ಅಂತ ಅಳೆದು ನೋಡಿಯೇ ಬದುಕಬೇಕಾದ ದೇಶ ಅದು. ಮುಂದೆ ಅವರ ಮೌನ ನಿಮಗೆ ಗೊಂದಲ ಮಾಡಿದಾಗಲೆಲ್ಲ ಈ ವರ್ಷಗಳಿಗೆ ವಾಪಸ್ ಬನ್ನಿ.

1989ರ ನವೆಂಬರ್ 9. ಬರ್ಲಿನ್ ಗೋಡೆ ತೆರೆದ ರಾತ್ರಿ. ಅವತ್ತು ಗುರುವಾರ, ಮರ್ಕೆಲ್ ಪ್ರತಿ ಗುರುವಾರದಂತೆ ಗೆಳತಿಯ ಜೊತೆ ಸೌನಾಕ್ಕೆ (ಬಿಸಿ ಹಬೆಯ ಸ್ನಾನದ ಕೋಣೆಗೆ) ಹೋಗಿದ್ದರು. ಆಮೇಲೆ ಜನರ ಜೊತೆ ಗಡಿ ದಾಟಿದರು, ಮಾರನೇ ದಿನ ಕೆಲಸ ಇತ್ತು ಅಂತ ಬೇಗ ಮನೆಗೆ ಬಂದರು. ಈ ಕಥೆ ಕೇಳಿ ನಕ್ಕು ಮುಂದೆ ಹೋಗುವವರೇ ಜಾಸ್ತಿ. ಆದರೆ ನಂತರದ 14 ತಿಂಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಡಿಸೆಂಬರ್‌ನಲ್ಲಿ ಒಂದು ಹೊಸ ಪುಟ್ಟ ಪಕ್ಷ ಸೇರಿದರು, 1990ರಲ್ಲಿ ಪೂರ್ವ ಜರ್ಮನಿಯ ಕೊನೆಯ ಸರ್ಕಾರದ ಉಪ ವಕ್ತಾರೆಯಾದರು, ಅಕ್ಟೋಬರ್ 3ರಂದು ಎರಡೂ ಜರ್ಮನಿ ಒಂದಾದವು, ಡಿಸೆಂಬರ್‌ನಲ್ಲಿ ಬಾಲ್ಟಿಕ್ ತೀರದ ಕ್ಷೇತ್ರದಿಂದ ಸಂಸತ್ತಿಗೆ ಗೆದ್ದರು, 1991ರ ಜನವರಿಯಲ್ಲಿ ಆಗಿನ ಚಾನ್ಸಲರ್ ಹೆಲ್ಮುಟ್ ಕೋಲ್ ಸರ್ಕಾರದಲ್ಲಿ ಮಹಿಳಾ ಮತ್ತು ಯುವಜನ ಸಚಿವೆ. ನಿಧಾನಸ್ಥೆ ಅಂತ ಹೆಸರು ಪಡೆದವರ ವೇಗ ಇದು! ನೋಟ್‌ಬುಕ್‌ನಲ್ಲಿ ಇದಕ್ಕೆ ಒಂದು ಇಡೀ ಪುಟ ಬಿಡಿ.

ಮುಂದಿನ ತಿರುವು 1999. ಪತ್ರಿಕೆಗಳು ಅವರನ್ನು 'ಕೋಲ್ ಅವರ ಹುಡುಗಿ' ಅಂತ ಕರೆಯುತ್ತಿದ್ದವು. ಇಬ್ಬರೂ ಇದ್ದ ಸಿಡಿಯು (ಕ್ರಿಶ್ಚಿಯನ್ ಡೆಮಾಕ್ರಟಿಕ್ ಯೂನಿಯನ್) ಪಕ್ಷಕ್ಕೆ ಗುಟ್ಟಾಗಿ ಬಂದ ದೇಣಿಗೆಯ ಹಗರಣದಲ್ಲಿ ಕೋಲ್ ಸಿಕ್ಕಿಬಿದ್ದಾಗ, ದೊಡ್ಡ ನಾಯಕರೆಲ್ಲ ಬಾಯಿ ಮುಚ್ಚಿಕೊಂಡಿದ್ದರು. ಡಿಸೆಂಬರ್ 22ರಂದು ಮರ್ಕೆಲ್ ಒಂದು ಪತ್ರಿಕೆಯಲ್ಲಿ ಲೇಖನ ಬರೆದು, ಪಕ್ಷ ಕೋಲ್ ಅವರನ್ನು ಬಿಟ್ಟು ತನ್ನ ಕಾಲಮೇಲೆ ನಡೆಯಲು ಕಲಿಯಬೇಕು ಅಂದರು. 2000ದ ಏಪ್ರಿಲ್‌ನಲ್ಲಿ ಅವರೇ ಸಿಡಿಯು ಪಕ್ಷದ ಅಧ್ಯಕ್ಷೆ. ಇದು ಧೈರ್ಯವೋ ಲೆಕ್ಕಾಚಾರವೋ ಅಂತ ಜನ ಇಂದಿಗೂ ವಾದ ಮಾಡುತ್ತಾರೆ. ನನಗೆ ಎರಡೂ ಅನ್ನಿಸುತ್ತದೆ. ಯಾಕೆಂದರೆ ಆ ಲೇಖನ ತಿರುಗಿ ಬಿದ್ದಿದ್ದರೆ ಅವರ ರಾಜಕೀಯ ಅಲ್ಲಿಗೇ ಮುಗಿಯುತ್ತಿತ್ತು. ಇದರ ಪಕ್ಕದಲ್ಲೇ 2002 ಬರೆಯಿರಿ: ಚಾನ್ಸಲರ್ ಅಭ್ಯರ್ಥಿ ಸ್ಥಾನವನ್ನು ಬವೇರಿಯಾದ ಎಡ್ಮಂಡ್ ಸ್ಟಾಯ್ಬರ್‌ಗೆ ಬಿಟ್ಟುಕೊಟ್ಟರು. ಅವರು ಸೋತರು, ಇವರು ಉಳಿದರು.

ಇಲ್ಲಿ ಸ್ವಲ್ಪ ನಿಂತು ಜರ್ಮನಿಯ ನಿಯಮ ತಿಳಿದುಕೊಳ್ಳಿ, ಇಲ್ಲದಿದ್ದರೆ ಮುಂದಿನದು ತಲೆಗೆ ಹತ್ತಲ್ಲ. ಅಲ್ಲಿ ಮತದಾರರಿಗೆ ಎರಡು ಮತ. ಒಂದು ಕ್ಷೇತ್ರದ ಅಭ್ಯರ್ಥಿಗೆ, ಇನ್ನೊಂದು ಪಕ್ಷಕ್ಕೆ. ಒಂದೇ ಪಕ್ಷಕ್ಕೆ ಬಹುಮತ ಬರುವುದು ತುಂಬ ಅಪರೂಪ. ಹಾಗಾಗಿ ಮೈತ್ರಿ ಅನಿವಾರ್ಯ. ಚಾನ್ಸಲರ್‌ನನ್ನು ಇಳಿಸಬೇಕಾದರೆ ಸಂಸತ್ತು ಅದೇ ಮತದಲ್ಲಿ ಇನ್ನೊಬ್ಬರನ್ನು ಆರಿಸಬೇಕು, ಸುಮ್ನೆ ಬೀಳಿಸಲು ಆಗಲ್ಲ. ಎಷ್ಟು ಸಲ ಚಾನ್ಸಲರ್ ಆಗಬಹುದು ಅನ್ನೋದಕ್ಕೆ ಮಿತಿಯೂ ಇಲ್ಲ. 2005ರ ಚುನಾವಣೆಯಲ್ಲಿ ಮರ್ಕೆಲ್ ಬಣಕ್ಕೆ 226 ಸೀಟು, ಎದುರಾಳಿ ಎಸ್‌ಪಿಡಿಗೆ (ಸೋಷಿಯಲ್ ಡೆಮಾಕ್ರಟಿಕ್ ಪಕ್ಷ) 222. ಬರೀ 4 ಸೀಟಿನ ಅಂತರ. ಫಲಿತಾಂಶದ ರಾತ್ರಿ ಟಿವಿಯಲ್ಲಿ ಎಸ್‌ಪಿಡಿಯ ಆಗಿನ ಚಾನ್ಸಲರ್ ಗೆರ್ಹಾರ್ಡ್ ಶ್ರೋಡರ್ ತಾವೇ ಮುಂದುವರಿಯುತ್ತೇವೆ ಅಂತ ಅಬ್ಬರಿಸಿದರು, ಮರ್ಕೆಲ್ ಹೆಚ್ಚು ಮಾತಾಡಲಿಲ್ಲ. ಎರಡು ತಿಂಗಳಿಗೆ ಎರಡೂ ಪಕ್ಷ ಸೇರಿ ಸರ್ಕಾರ ಮಾಡಿದವು, ಅವರು ಚಾನ್ಸಲರ್. ನಾಲ್ಕು ಅವಧಿಯಲ್ಲಿ ಮೂರು ಸಲ ಎದುರಾಳಿ ಪಕ್ಷವೇ ಅವರ ಜೊತೆಗಾರ. ರಾಜಿ ಅವರ ಸ್ವಭಾವ ಅನ್ನುವ ಮೊದಲು ಈ ಲೆಕ್ಕ ನೋಡಿ.

ಎಡ-ಬಲ ಪುಟ ಅತಿ ಚೆನ್ನಾಗಿ ಕಾಣುವುದು ಅಣುವಿದ್ಯುತ್ ವಿಷಯದಲ್ಲಿ. 2010ರ ಕೊನೆಯಲ್ಲಿ ಅವರ ಸರ್ಕಾರ ಅಣುಸ್ಥಾವರಗಳ ಅವಧಿ ವಿಸ್ತರಿಸಿತು. 2011ರ ಮಾರ್ಚ್ 11ರಂದು ಜಪಾನಿನ ಫುಕುಶಿಮಾ ದುರಂತ. ಅದೇ ಜೂನ್‌ನಲ್ಲಿ ಸಂಸತ್ತು 2022ರೊಳಗೆ ಎಲ್ಲ ಸ್ಥಾವರ ಮುಚ್ಚುವ ಕಾನೂನು ಪಾಸು ಮಾಡಿತು. ಭೌತಶಾಸ್ತ್ರ ಓದಿದ ಚಾನ್ಸಲರ್ ನಾಲ್ಕು ತಿಂಗಳೊಳಗೆ ಪೂರ್ತಿ ತಿರುಗಿದ್ದು! ನಡುವೆ ಅಣುವಿದ್ಯುತ್ತೇ ಮುಖ್ಯ ಚರ್ಚೆಯಾಗಿದ್ದ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ ಚುನಾವಣೆಯೂ ಇತ್ತು, ಅಲ್ಲಿ ಅವರ ಪಕ್ಷ ದಶಕಗಳ ಅಧಿಕಾರ ಕಳೆದುಕೊಂಡಿತು. ಅದನ್ನೂ ಬರೆದುಕೊಳ್ಳಿ.

ನಿರಾಶ್ರಿತರ ಬಗ್ಗೆ ಅವರು ಹೇಳಿದ 2015ರ ಆಗಸ್ಟ್ 31ರ ಮಾತು ಎಲ್ಲರಿಗೂ ಗೊತ್ತು: 'ನಾವು ಇದನ್ನು ಮಾಡಿಯೇ ಮಾಡುತ್ತೇವೆ.' ಆ ವರ್ಷ ಸುಮಾರು 8.9 ಲಕ್ಷ ಜನ ಆಶ್ರಯ ಕೇಳಿ ಬಂದರು. ಆದರೆ ಇಲ್ಲಿಗೇ ನಿಲ್ಲಿಸಬೇಡಿ. 2016ರ ಮಾರ್ಚ್‌ನಲ್ಲಿ ಬರುವವರನ್ನು ತಡೆಯಲು ಟರ್ಕಿ ಜೊತೆ ಯುರೋಪ್ ಮಾಡಿಕೊಂಡ ಒಪ್ಪಂದದ ಹಿಂದೆ ಓಡಾಡಿದ್ದೂ ಅವರೇ. ಬಾಗಿಲು ತೆರೆದವರು ಅಂತ ಹೊಗಳುವವರು, ಬೈಯುವವರು ಇಬ್ಬರೂ ಈ ಬಲಪುಟ ಬಿಡುತ್ತಾರೆ.

ಕೆಲವು ಕಡೆ ಎರಡೂ ಪುಟ ಒಂದೇ ಇರುತ್ತವೆ, ಅದೂ ಮುಖ್ಯ. 2014ರಲ್ಲಿ ಉಕ್ರೇನಿನ ಕ್ರಿಮಿಯಾವನ್ನು ರಷ್ಯಾ ವಶಮಾಡಿಕೊಂಡ ಮೇಲೆ ಅದರ ಮೇಲೆ ನಿರ್ಬಂಧ ಹಾಕಿಸಲು ಮುಂದೆ ನಿಂತರು, ಆದರೂ ರಷ್ಯಾದ ಗ್ಯಾಸಿಗಾಗಿ ಬಾಲ್ಟಿಕ್ ಸಮುದ್ರದಲ್ಲಿ ಎರಡನೇ ಪೈಪ್‌ಲೈನ್ ಕೆಲಸ ನಿಲ್ಲಿಸಲಿಲ್ಲ. ಅವರನ್ನು ಎಷ್ಟು ಇಷ್ಟಪಟ್ಟರೂ ಇದನ್ನು ನನಗೆ ಒಪ್ಪಲಾಗಿಲ್ಲ.

ಕೊನೆಗೆ 2018ರ ಅಕ್ಟೋಬರ್. ಹೆಸ್ಸೆ ರಾಜ್ಯದಲ್ಲಿ ಹಿನ್ನಡೆಯಾದ ಮಾರನೇ ದಿನ, ಇನ್ನೊಮ್ಮೆ ಚಾನ್ಸಲರ್ ಸ್ಥಾನಕ್ಕೆ ನಿಲ್ಲಲ್ಲ ಅಂದರು. 2021ರ ಡಿಸೆಂಬರ್ 8ರಂದು ಹೊರಟರು. ಚಾನ್ಸಲರ್ ಆಗಿ ಉಳಿದ ಅವಧಿ ಕೋಲ್ ದಾಖಲೆಗಿಂತ ಕೆಲವೇ ದಿನ ಕಮ್ಮಿ. 2024ರಲ್ಲಿ ಬಂದ ಅವರ ಆತ್ಮಕಥೆಯನ್ನು ಇಷ್ಟೆಲ್ಲ ಆದ ಮೇಲೆ ಓದಿ, ಮೊದಲಲ್ಲ. ಆಗ ನಿಮ್ಮ ನೋಟ್‌ಬುಕ್ ಪಕ್ಕದಲ್ಲಿರುತ್ತದೆ. ಯಾವ ತಿರುವಿಗೆ ಅವರು ಎಷ್ಟು ಪುಟ ಕೊಟ್ಟಿದ್ದಾರೆ, ಯಾವುದನ್ನು ಬೇಗ ದಾಟಿದ್ದಾರೆ ಅಂತ ಗುರುತು ಹಾಕುತ್ತಾ ಹೋಗಿ.